ಹೋಟೆಲಿನ ಹೊಸ್ತಿಲು

ನಮ್ಮ ಅಜ್ಜಿಯ ಲೆಕ್ಕದಲ್ಲಿ ಲೋಕದ ಜನರು ಎರಡೇ ಬಗೆ: ಮನೆಯಲ್ಲಿ ಉಣ್ಣುವವರು ಮತ್ತು ಹೋಟೆಲಿನಲ್ಲಿ ಉಣ್ಣುವವರು. ಮೊದಲ ಬಗೆಯವರು ಮರ್ಯಾದಸ್ಥರು. ಎರಡನೆಯ ಬಗೆಯವರ ಮೇಲೆ ಅವರಿಗೆ ಕೋಪಕ್ಕಿಂತ ಕನಿಕರವೇ ಹೆಚ್ಚು. "ಪಾಪ, ಬೇಯಿಸಿ ಹಾಕೋರಿಲ್ಲ" ಎಂದು ನಿಟ್ಟುಸಿರು ಬಿಡುತ್ತಿದ್ದರು. ಅನ್ನವನ್ನೂ ವಿದ್ಯೆಯನ್ನೂ ಮಾರಬಾರದೆಂಬ ಹಿಂದಿನವರ ಮಾತು ಅವರ ನಾಲಗೆಯ ತುದಿಯಲ್ಲೇ ಇರುತ್ತಿತ್ತು. ಮುಂದೆ ನಾನು ಸಂಬಳಕ್ಕೆ ಪಾಠ ಹೇಳುವ ಉಪಾಧ್ಯಾಯನಾದೆ. ಬಿಡುವಾದಾಗಲೆಲ್ಲ ಹಣ ಕೊಟ್ಟು ತಿಂಡಿ ತಿನ್ನುವವನೂ ಆದೆ. ಹೀಗೆ ಅಜ್ಜಿಯ ಎರಡು ವಿಧಿಗಳನ್ನೂ ಒಟ್ಟಿಗೇ ಮುರಿದ ಮೊಮ್ಮಗ ನಾನು.

ನಮ್ಮೂರು ಸಿಂಗಟಗೆರೆ, ಕಡೂರು ತಾಲ್ಲೂಕಿನ ಒಂದು ಹೋಬಳಿ ಕೇಂದ್ರ. ಮಳೆ ಮನಸ್ಸು ಮಾಡಿದರೆ ರಾಗಿ, ಮನಸ್ಸು ಮಾಡದಿದ್ದರೆ ತೆಂಗಿನ ಮರದ ನೆರಳು. ಇಷ್ಟೇ ನಮ್ಮ ಐಶ್ವರ್ಯ. ಕಡೂರಿನ ಬಯಲಿನಲ್ಲಿ ನಿಂತು ಪಡುವಣಕ್ಕೆ ನೋಡಿದರೆ, ಆಕಾಶ ತಿಳಿಯಾಗಿರುವ ದಿನ, ಬಾಬಾಬುಡನ್ ಗಿರಿಯ ಸಾಲು ನೀಲಿಯಾಗಿ ಕಾಣುತ್ತದೆ. ಯೆಮನ್ ದೇಶದ ಮೋಖಾ ಬಂದರಿನಿಂದ ಬಾಬಾಬುಡನ್ ಎಂಬ ಸಂತರು ಏಳು ಕಾಫಿ ಬೀಜಗಳನ್ನು ತಂದು 17ನೆಯ ಶತಮಾನದಲ್ಲಿ ಆ ಗಿರಿಯಲ್ಲಿ ಬಿತ್ತಿದರೆಂದು ಪ್ರತೀತಿ. ಗಿಡವು ಕಣ್ಣಿಗೆ ಕಾಣುವ ಬೆಟ್ಟದಲ್ಲೇ ಬೆಳೆದರೂ ಅದರ ಕಷಾಯ ನಮ್ಮಂಥ ಒಕ್ಕಲು ಮನೆಗಳಿಗೆ ಬರಲು ಬಹುಕಾಲ ಹಿಡಿಯಿತು. ಬಂದದ್ದೂ ನೇರವಾಗಿ ತೋಟದಿಂದ ಬರಲಿಲ್ಲ, ಹೋಟೆಲನ್ನು ಸುತ್ತಿ ಬಂದಿತು. ಸಂತೆಗೆ ಹೋದ ಗಂಡಸರು ಹೋಟೆಲಿನಲ್ಲಿ ರುಚಿ ನೋಡಿ, ಮನೆಗೆ ಬಂದು ಹೆಂಗಸರಿಗೆ ಅದನ್ನು ಮಾಡುವ ಕ್ರಮವನ್ನು ತಪ್ಪುತಪ್ಪಾಗಿ ಹೇಳಿಕೊಟ್ಟರು. ನಮ್ಮ ಮನೆಯ ಕಾಫಿ ಬಹಳ ವರ್ಷ ಬೆಲ್ಲದ ಪಾನಕದಂತಿದ್ದುದಕ್ಕೆ ನಮ್ಮ ತಂದೆಯವರ ಆ ಉಪದೇಶವೇ ಕಾರಣವೆಂದು ನನ್ನ ಊಹೆ.

ಹೋಟೆಲು ಎಂಬ ಮಾತು ಇಂಗ್ಲಿಷಿನದಾದರೂ ಅದಕ್ಕೆ ನಾವು ಕೊಟ್ಟ ಅರ್ಥ ನಮ್ಮದೇ. ಇಂಗ್ಲಿಷರಿಗೆ ಅದು ಮಲಗುವ ಜಾಗ, ನಮಗೆ ತಿನ್ನುವ ಜಾಗ. ಹಳೆಯ ಮೈಸೂರಿನ ಊರುಗಳಲ್ಲಿ ಇದನ್ನು 'ಕಾಫಿ ಕ್ಲಬ್ಬು' ಎನ್ನುತ್ತಿದ್ದರು. ಉತ್ತರಕ್ಕೆ ಹೋದರೆ 'ಖಾನಾವಳಿ'. ಧಾರವಾಡದ ಖಾನಾವಳಿಯಲ್ಲಿ ಕಟಿಯಾದ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ ಬಡಿಸಿ, ಸಾಕೆಂದರೂ ಕೇಳದೆ ಇನ್ನೊಂದು ರೊಟ್ಟಿ ಹಾಕುತ್ತಾರೆ. ಬೆಂಗಳೂರಿನಲ್ಲಿ ಮುದ್ದೆ, ಮಾಂಸದ ಸಾರು ದೊರೆಯುವ ಹೋಟೆಲಿಗೆ 'ಮಿಲಿಟರಿ ಹೋಟೆಲು' ಎಂದು ಹೆಸರು. ಅಲ್ಲಿ ಯಾವ ಸೈನ್ಯವನ್ನೂ ನಾನು ಕಾಣಲಿಲ್ಲ. ಆದರೆ ನಮ್ಮ ಬಯಲುಸೀಮೆಯ ರಾಗಿಮುದ್ದೆ ರಾಜಧಾನಿಯಲ್ಲಿ ತಲೆಯೆತ್ತಿ ಕುಳಿತಿರುವುದನ್ನು ಕಂಡು ಹಿಗ್ಗಿದೆ. ಬೆಂಗಳೂರಿನ ಶಂಕರಪುರದಲ್ಲಿ 1965ರಲ್ಲಿ ಆರಂಭವಾದ 'ಬ್ರಾಹ್ಮಿನ್ಸ್ ಕಾಫಿ ಬಾರ್' ಎಂಬುದೊಂದಿದೆ. 'ಬಾರ್' ಎಂಬ ಹೆಸರು ಕೇಳಿ ನಮ್ಮೂರಿನ ಒಬ್ಬರು ದೂರದಿಂದಲೇ ಕೈಮುಗಿದು ಹಿಂದಿರುಗಿದ್ದರು. ಅಲ್ಲಿ ದೊರೆಯುವುದು ಇಡ್ಲಿ, ವಡೆ, ಧಾರಾಳವಾಗಿ ಸುರಿಯುವ ಚಟ್ನಿ ಮತ್ತು ಕಾಫಿ. ಇಡ್ಲಿಯನ್ನು ಇಷ್ಟಪಡುವವರು ಅಲ್ಲಿಗೆ ಒಮ್ಮೆ ಹೋಗಬೇಕು. ಹೆಸರಿನ ಮೊದಲ ಪದದ ವಿಚಾರಕ್ಕೆ ಮುಂದೆ ಬರುತ್ತೇನೆ.

ನಾನು ಮೊದಲು ದೋಸೆ ತಿಂದ ಹೋಟೆಲಿನ ಹೆಸರನ್ನು ಹೇಳಲಾರೆ. ಅದು ಈಗಿಲ್ಲ, ಅದನ್ನು ನಡೆಸುತ್ತಿದ್ದವರೂ ಇಲ್ಲ. 1973ರಲ್ಲಿ ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಕಡೂರಿನಲ್ಲಿ ತಾಲ್ಲೂಕು ಮಟ್ಟದ ಪ್ರಬಂಧ ಸ್ಪರ್ಧೆ ನಡೆಯಿತು. ನಮ್ಮ ಶಾಲೆಯಿಂದ ಇಬ್ಬರನ್ನು ಕಳುಹಿಸಿದರು, ನನ್ನನ್ನೂ ನನ್ನ ಪಕ್ಕದಲ್ಲಿ ಕುಳಿತುಕೊಳ್ಳುತ್ತಿದ್ದ ಗೆಳೆಯನನ್ನೂ. ಅವನ ಮನೆ ಊರ ಹೊರಗಿನ ಕೇರಿಯಲ್ಲಿತ್ತು. ಕನ್ನಡದಲ್ಲಿ ಅವನು ನನಗಿಂತ ಮುಂದು. ಗಣಿತದಲ್ಲಿ ನಾವಿಬ್ಬರೂ ಸಮಾನವಾಗಿ ಹಿಂದು. ಸ್ಪರ್ಧೆಯಲ್ಲಿ ಅವನಿಗೆ ಮೊದಲನೆಯ ಬಹುಮಾನವಾಗಿ ಒಂದು ಮಸಿಪೆನ್ನು ಬಂದಿತು, ನನಗೆ ಮೂರನೆಯದೆಂದು ಒಂದು ನೋಟುಪುಸ್ತಕ. ಮಧ್ಯಾಹ್ನ ಶಾಲೆಯ ಜಗಲಿಯಲ್ಲಿ ಕುಳಿತು ನಮ್ಮಜ್ಜಿ ಕಟ್ಟಿಕೊಟ್ಟಿದ್ದ ರಾಗಿರೊಟ್ಟಿಯನ್ನೂ ಅವನ ತಾಯಿ ಕೊಟ್ಟಿದ್ದ ಹುರುಳಿಕಾಳಿನ ಉಸಲಿಯನ್ನೂ ಹಂಚಿಕೊಂಡು ತಿಂದಿದ್ದೆವು.

ಸಂಜೆ ಊರಿನ ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತು. ನಿಂತ ಕಡೆ ರಸ್ತೆಯ ಬದಿಯಲ್ಲಿ ಒಂದು ಹೋಟೆಲು. ಹೆಂಚಿನ ಮಾಡು, ಹೊಗೆ ಹಿಡಿದ ಗೋಡೆ, ಬಾಗಿಲ ಬಳಿ ಗಲ್ಲಾಪೆಟ್ಟಿಗೆ. ಒಳಗಿನಿಂದ ಕಾವಲಿಯ ಮೇಲೆ ನೀರು ಚಿಮುಕಿಸಿದ ಸದ್ದು, ಹಿಂದೆಯೇ ಬೆಣ್ಣೆ ಕರಗಿದ ಪರಿಮಳ. ನನ್ನ ಜೇಬಿನಲ್ಲಿ ತಂದೆ ಕೊಟ್ಟಿದ್ದ ಎರಡು ರೂಪಾಯಿ ಇತ್ತು. "ಬಾರೋ, ದೋಸೆ ತಿನ್ನೋಣ" ಎಂದೆ. ಅವನು ಒಂದು ಕ್ಷಣ ತಡೆದು, ಆಮೇಲೆ ಬಂದ. ಗಲ್ಲಾಪೆಟ್ಟಿಗೆಯ ಮುಂದೆ ಕುಳಿತಿದ್ದವರು ನಗುನಗುತ್ತಲೇ ಕೇಳಿದರು:

"ಯಾವೂರಪ್ಪ? ಯಾರ ಮಕ್ಕಳು ನೀವು?"

ನಾನು ನನ್ನ ತಂದೆಯ ಹೆಸರನ್ನು ಹೆಮ್ಮೆಯಿಂದ ಹೇಳಿದೆ. ಗೆಳೆಯನೂ ತನ್ನ ತಂದೆಯ ಹೆಸರು ಹೇಳಿದ. ಅವರ ಮುಖದ ನಗು ಹಾಗೆಯೇ ಇತ್ತು. ದನಿಯೂ ಏರಲಿಲ್ಲ. "ನೀನು ಒಳಗೆ ಬಾರಪ್ಪ. ಅವನಿಗೆ ಅಲ್ಲೇ ಕೊಡಿಸ್ತೀನಿ" ಎಂದು ಹೊರಗೋಡೆಯ ಕಿಟಕಿಯನ್ನು ತೋರಿಸಿದರು. ಕಿಟಕಿಯ ಕೆಳಗೆ ಒಂದು ಹಲಗೆ. ಅದರ ಮೇಲೆ ಕವುಚಿಟ್ಟ ಎರಡು ಗಾಜಿನ ಲೋಟಗಳು. ಆ ಲೋಟಗಳನ್ನು ಕುಡಿದವರೇ ತೊಳೆದು ಹಾಗೆಯೇ ಕವುಚಿಡಬೇಕು. ದೋಸೆಯನ್ನು ಕಿಟಕಿಯ ಆಚೆಗೆ ಕೊಡುವ ಪದ್ಧತಿ ಇರಲಿಲ್ಲ, ಬರಿಯ ಕಾಫಿ.

ನಾನು ಒಳಗೆ ಹೋದೆ.

ಹೋಗಬಾರದಾಗಿತ್ತು ಎಂದು ಈಗ ಬರೆಯುವುದು ಸುಲಭ. ಆಗ ನನಗೆ ಹದಿನಾಲ್ಕು ವರ್ಷ, ಹೊಟ್ಟೆ ಹಸಿದಿತ್ತು, ದೊಡ್ಡವರು ಕರೆದಿದ್ದರು ಎಂದು ಕಾರಣಗಳನ್ನು ಹೇಳಬಹುದು. ಒಂದು ಕಾರಣವನ್ನು ಮಾತ್ರ ಹೇಳಲಾರೆ: ಅದು ತಪ್ಪೆಂದು ತಿಳಿದಿರಲಿಲ್ಲ ಎಂದು. ತಿಳಿದಿತ್ತು. ಆ ದಿನ ನಾವಿಬ್ಬರೂ ಪ್ರಬಂಧ ಬರೆದಿದ್ದ ವಿಷಯವೇ ರಾಷ್ಟ್ರೀಯ ಭಾವೈಕ್ಯ. ದೋಸೆ ಬಾಳೆಲೆಯ ತುಂಡಿನ ಮೇಲೆ ಬಂದಿತು. ಅಂಚು ಗರಿಗರಿ, ನಡುವೆ ಮೆದು, ಮೇಲೊಂದು ಉಂಡೆ ಬೆಣ್ಣೆ. ಅಂಥ ಪದಾರ್ಥವನ್ನು ನಾನು ಅದುವರೆಗೆ ತಿಂದಿರಲಿಲ್ಲ. ಹೊರಗೆ ಬಂದಾಗ ಗೆಳೆಯ ಲೋಟ ತೊಳೆದು ಹಲಗೆಯ ಮೇಲೆ ಕವುಚಿ, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಿದ್ದ. ನನ್ನನ್ನು ನೋಡಿ ಕೇಳಿದ:

"ದೋಸೆ ಚೆನ್ನಾಗಿತ್ತೇನೋ?"

"ಅಷ್ಟೇನೂ ಚೆನ್ನಾಗಿರಲಿಲ್ಲ ಕಣೋ" ಎಂದೆ.

ಮನೆಗೆ ಬಂದು ಈ ಸಂಗತಿಯನ್ನು ಅಜ್ಜನಿಗೆ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದು, ತಮ್ಮ ಕಾಲದ ಮಾತು ತೆಗೆದರು. ಅವರ ಪ್ರಾಯದಲ್ಲಿ ಪಟ್ಟಣದ ಅನೇಕ ಕಾಫಿ ಕ್ಲಬ್ಬುಗಳ ಒಳಕೋಣೆಗೆ ಬ್ರಾಹ್ಮಣರಿಗೆ ಮಾತ್ರ ಪ್ರವೇಶ. ಒಕ್ಕಲಿಗರು, ಕುರುಬರು, ವ್ಯಾಪಾರಕ್ಕೆ ಬಂದ ಇತರರು ಹೊರಗಿನ ಬೆಂಚಿನಲ್ಲಿ ಕುಳಿತು ತಿನ್ನಬೇಕಿತ್ತು. ಅಜ್ಜನೂ ಆ ಬೆಂಚಿನಲ್ಲಿ ಕುಳಿತವರೇ. "ಆಗ ನಮಗೆ ಸಿಟ್ಟು ಬರ್ತಿತ್ತು" ಎಂದರು. ಮುಂದೆ ಏನನ್ನೂ ಹೇಳಲಿಲ್ಲ. ಅಜ್ಜ ಕುಳಿತಿದ್ದ ಬೆಂಚಿನಿಂದ ನಾವು ಯಾವಾಗ ಎದ್ದು ಒಳಗೆ ಹೋದೆವೋ, ಹೋದಮೇಲೆ ಹೊರಗೆ ಯಾರು ಉಳಿದರೆಂದು ಏಕೆ ತಿರುಗಿ ನೋಡಲಿಲ್ಲವೋ, ಆ ರಾತ್ರಿ ನನಗೆ ತಿಳಿಯಲಿಲ್ಲ.

ಉಪಾಧ್ಯಾಯನಾದ ಮೇಲೆ ಒಂದು ದಿನ, ಸಮಾಜ ಪಾಠದ ಉಪಾಧ್ಯಾಯರು ರಜೆಯಲ್ಲಿದ್ದುದರಿಂದ, ಅವರ ತರಗತಿಗೆ ನಾನು ಹೋಗಬೇಕಾಯಿತು. ಅಂದಿನ ಪಾಠ ನಮ್ಮ ಸಂವಿಧಾನದ ಮೂಲಭೂತ ಹಕ್ಕುಗಳು. 15ನೆಯ ಅನುಚ್ಛೇದವನ್ನು ಓದುತ್ತಿದ್ದವನು ಒಂದು ಪದದ ಬಳಿ ನಿಂತುಬಿಟ್ಟೆ. ಧರ್ಮ, ಜನಾಂಗ, ಜಾತಿ, ಲಿಂಗ, ಜನ್ಮಸ್ಥಳಗಳ ಕಾರಣದಿಂದ ಯಾವ ಪ್ರಜೆಗೂ ತಡೆ ಒಡ್ಡಕೂಡದ ಸ್ಥಳಗಳನ್ನು ಅಲ್ಲಿ ಹೆಸರಿಸಿದೆ. ಅಂಗಡಿ, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ. ಅವುಗಳ ಸಾಲಿನಲ್ಲಿ ಸಾರ್ವಜನಿಕ ಉಪಾಹಾರ ಗೃಹ ಮತ್ತು ಹೋಟೆಲು! ಇಷ್ಟು ದೊಡ್ಡ ದೇಶದ ಅಡಿಗಲ್ಲಿನಂಥ ಗ್ರಂಥದಲ್ಲಿ ಇಡ್ಲಿ ದೋಸೆಯ ಅಂಗಡಿಗೆ ಸ್ಥಾನ ದೊರೆತಿದೆ. 1950ರ ಜನವರಿ 26ರಿಂದ ಅದು ಜಾರಿಯಲ್ಲಿದೆ. 1955ರಲ್ಲಿ ಅಸ್ಪೃಶ್ಯತೆಯ ಆಚರಣೆಯನ್ನು ಶಿಕ್ಷಾರ್ಹಗೊಳಿಸಿದ ಕಾನೂನೂ ಬಂದಿತು. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಅಧಿನಿಯಮವೆಂದು ಕರೆದರು. ಎಂದರೆ, ನನ್ನ ಗೆಳೆಯ ಕಿಟಕಿಯ ಬಳಿ ನಿಂತ ದಿನ ಆ ಹಲಗೆಯೂ ಆ ಎರಡು ಲೋಟಗಳೂ ಹದಿನೆಂಟು ವರ್ಷಗಳಿಂದ ಅಪರಾಧದ ವಸ್ತುಗಳಾಗಿದ್ದವು. ಅದನ್ನು ಹೇಳುವವರು ಯಾರೂ ಆ ರಸ್ತೆಯ ಬದಿಯಲ್ಲಿ ಇಳಿದಿರಲಿಲ್ಲ, ಅಷ್ಟೆ.

ಇದು ನಮ್ಮ ದೇಶದ ಕಥೆಯಷ್ಟೇ ಎಂದು ತಿಳಿಯಬೇಡಿ. ಅಮೆರಿಕದ ಗ್ರೀನ್ಸ್‌ಬರೋ ಎಂಬ ಪಟ್ಟಣದ ವೂಲ್‌ವರ್ತ್ ಎಂಬ ದೊಡ್ಡ ಅಂಗಡಿಯಲ್ಲಿ ಕರಿಯ ಜನರು ಹಲ್ಲುಜ್ಜುವ ಬ್ರಷ್ಷನ್ನೋ ಪುಸ್ತಕವನ್ನೋ ಕೊಳ್ಳಬಹುದಾಗಿತ್ತು. ಆದರೆ ಅದೇ ಅಂಗಡಿಯ ತಿಂಡಿಯ ಕಟ್ಟೆಯ ಮುಂದೆ ಕುಳಿತು ತಿನ್ನುವಂತಿರಲಿಲ್ಲ. 1960ರ ಫೆಬ್ರವರಿ 1ರಂದು ನಾಲ್ವರು ಕರಿಯ ವಿದ್ಯಾರ್ಥಿಗಳು ಅಲ್ಲಿ ಕುಳಿತು ಕಾಫಿ ಕೇಳಿದರು. ಕೊಡುವುದಿಲ್ಲವೆಂದರು. ಅವರು ಜಗಳವಾಡಲಿಲ್ಲ, ಏಳಲೂ ಇಲ್ಲ. ಅಂಗಡಿ ಮುಚ್ಚುವವರೆಗೆ ಸುಮ್ಮನೆ ಕುಳಿತಿದ್ದರು. ಮರುದಿನ ಇನ್ನಷ್ಟು ಜನ ಬಂದು ಕುಳಿತರು. ದಿನಗಳು ಕಳೆದಂತೆ ನೂರಾರು ಮಂದಿಯಾದರು. ಅದೇ ಜುಲೈ ತಿಂಗಳ ಕೊನೆಗೆ ಆ ಕಟ್ಟೆ ಎಲ್ಲರಿಗೂ ತೆರೆಯಿತು. ಆ ಕಟ್ಟೆಯ ಒಂದು ಭಾಗವನ್ನು ವಾಷಿಂಗ್ಟನ್ನಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. ಈ ವೃತ್ತಾಂತವನ್ನು ಮೊದಲ ಬಾರಿ ಓದಿದಾಗ ನಾನು ಲೆಕ್ಕ ಹಾಕಿದ್ದು ಒಂದನ್ನೇ: ಅವರು ನಾಲ್ವರಿದ್ದರು, ನಾವು ಇಬ್ಬರಿದ್ದೆವು, ಇಬ್ಬರಲ್ಲಿ ಒಬ್ಬ ಒಳಗೆ ಹೋಗಿದ್ದ.

ಮುಂದೆ ಓದಿಗಾಗಿ, ಕೆಲಸಕ್ಕಾಗಿ ನಾಲ್ಕಾರು ಊರುಗಳನ್ನು ನೋಡಿದೆ. ಹೊಸ ಊರಿಗೆ ಹೋದರೆ ಕೆಲವರು ಮೊದಲು ದೇವಾಲಯವನ್ನು ವಿಚಾರಿಸುತ್ತಾರೆ. ನಾನು ಹೋಟೆಲನ್ನು ವಿಚಾರಿಸುತ್ತಿದ್ದೆ. ನಾಲಗೆಯ ಚಪಲ ಅದರಲ್ಲಿ ಇತ್ತೆಂಬುದನ್ನು ಒಪ್ಪುತ್ತೇನೆ. ಜೊತೆಗೆ, ಅಲ್ಲಿನವರು ಬಂದವನನ್ನು ಮೊದಲು ಏನು ಕೇಳುತ್ತಾರೆ ಎಂಬುದನ್ನು ಕಿವಿಗೊಟ್ಟು ಕೇಳುವ ಅಭ್ಯಾಸವೂ ಬೆಳೆದಿತ್ತು.

ಕಡೂರಿನಿಂದ ಬೀರೂರು, ಅಜ್ಜಂಪುರ, ಚಿಕ್ಕಜಾಜೂರುಗಳನ್ನು ದಾಟಿ ಹೋಗುವ ರೈಲು ದಾವಣಗೆರೆಯನ್ನು ಮುಟ್ಟುತ್ತದೆ. ಅಲ್ಲಿಯ ಬೆಣ್ಣೆದೋಸೆ ನಾಡಿಗೆಲ್ಲ ಪ್ರಸಿದ್ಧ. ಚೆನ್ನಮ್ಮ ಎಂಬ ತಾಯಿಯೊಬ್ಬರು ಉತ್ತರದ ಕಡೆಯಿಂದ ಮಕ್ಕಳೊಡನೆ ವಲಸೆ ಬಂದು, ನಾಟಕದ ಕೊಟ್ಟಿಗೆಯ ಬಳಿ ದೋಸೆ ಹಾಕತೊಡಗಿದ್ದು ಅದರ ಮೂಲವೆಂದು ದಾವಣಗೆರೆಯವರು ಹೇಳುತ್ತಾರೆ. ಹತ್ತಿಯ ಗಿರಣಿಗಳ ಊರು ಅದು. ಪಾಳಿ ಮುಗಿಸಿ ಬಂದ ಕಾರ್ಮಿಕನಿಗೂ ಹತ್ತಿಯ ದಲ್ಲಾಳಿಗೂ ಅದೇ ಬೆಣ್ಣೆ, ಅದೇ ಆಲೂಗಡ್ಡೆಯ ಪಲ್ಯ, ಅದೇ ತೆಳುವಾದ ಬಿಳಿಯ ಚಟ್ನಿ. ದೋಸೆಯನ್ನು ಸೌದೆಯ ಒಲೆಯ ಮೇಲೆ ಮಾಡಿದರೇ ರುಚಿ ಎಂಬುದು ಅಲ್ಲಿಯವರ ಹಟ. ನನ್ನದೂ ಅದೇ ಹಟ.

1980ರಿಂದ ಎರಡು ವರ್ಷ ಎಂ.ಎ. ಓದಲು ಮೈಸೂರಿನಲ್ಲಿದ್ದೆ. ಅಲ್ಲಿ ನಜರಬಾದಿನ ಮೈಲಾರಿ ಹೋಟೆಲಿನ ದೋಸೆ ದಾವಣಗೆರೆಯದಕ್ಕೆ ನೇರ ವಿರೋಧ. ಅದು ಗರಿಗರಿಯಲ್ಲ, ಹತ್ತಿಯಂತೆ ಮೆದು. ಬಾಳೆಲೆಯ ಮೇಲೆ ಬರುತ್ತದೆ, ಬಾಯಿಗಿಟ್ಟರೆ ಕರಗುತ್ತದೆ. ಜಾಗ ಇಕ್ಕಟ್ಟು, ಒಬ್ಬರು ತಿನ್ನುವಾಗ ಇನ್ನೊಬ್ಬರು ಹಿಂದೆ ನಿಂತು ಕಾಯಬೇಕು. ಹಾಗೆ ಕಾಯುವವರ ಉಸಿರು ಬೆನ್ನಿಗೆ ತಾಗುತ್ತಿದ್ದರೆ ನಿಧಾನವಾಗಿ ತಿನ್ನುವ ಧೈರ್ಯ ಯಾರಿಗೂ ಬರುವುದಿಲ್ಲ. ಮೈಸೂರಿಗೂ ಬೆಂಗಳೂರಿಗೂ ನಡುವೆ ರೈಲಿನಲ್ಲಿ ಮದ್ದೂರು ವಡೆ ಸಿಗುತ್ತದೆ. ರೈಲು ಹೊತ್ತಿಗೆ ಮೊದಲೇ ಬಂದುಬಿಟ್ಟಿತೆಂದು, ಆತುರದಲ್ಲಿ ಹಿಟ್ಟನ್ನು ತಟ್ಟಿ ಕರಿದುದರಿಂದ ಅದು ಹುಟ್ಟಿತೆಂಬ ಕಥೆಯಿದೆ. ನಮ್ಮ ರೈಲು ಹೊತ್ತಿಗೆ ಮೊದಲೇ ಬಂದಿತ್ತೆಂಬ ಭಾಗವನ್ನು ನಂಬಲು ಮಾತ್ರ ನನಗೆ ಸ್ವಲ್ಪ ಕಷ್ಟವಾಗುತ್ತದೆ.

ಉಪಾಧ್ಯಾಯನಾದ ಮೇಲೆ ಉತ್ತರಪತ್ರಿಕೆಗಳ ಮೌಲ್ಯಮಾಪನಕ್ಕೆಂದು ಬೆಂಗಳೂರಿಗೆ ಹೋಗುತ್ತಿದ್ದೆ. ಲಾಲ್‌ಬಾಗಿನ ಹತ್ತಿರದ ಮಾವಳ್ಳಿ ಟಿಫನ್ ರೂಮ್ಸ್, ಅಂದರೆ ಎಂ.ಟಿ.ಆರ್., ನೋಡಿದ್ದು ಆಗಲೇ. ಉಡುಪಿಯ ಸೀಮೆಯಿಂದ ಬಂದ ಮಯ್ಯ ಸಹೋದರರು 1924ರಲ್ಲಿ ಆರಂಭಿಸಿದ ಸಂಸ್ಥೆ ಅದು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿಗೆ ಅಭಾವವಾದಾಗ ಅಲ್ಲಿಯವರು ರವೆಯಿಂದ ಇಡ್ಲಿ ಮಾಡಿ ನೋಡಿದರು. ಇಂದು ಎಲ್ಲೆಡೆ ದೊರೆಯುವ ರವೆ ಇಡ್ಲಿಯ ಹುಟ್ಟು ಅದು. ತುರ್ತು ಪರಿಸ್ಥಿತಿಯ ಕಾಲದಲ್ಲಿ ಹೋಟೆಲಿನ ತಿಂಡಿಗಳ ಬೆಲೆಯನ್ನು ಇಳಿಸಬೇಕೆಂದು ಸರ್ಕಾರದ ಆಜ್ಞೆಯಾಯಿತು. ಬೆಲೆ ಇಳಿಸಿದರೂ ತುಪ್ಪದ ಅಳತೆಯನ್ನು ಇಳಿಸಲು ಅವರು ಒಪ್ಪಲಿಲ್ಲ. ನಷ್ಟದಲ್ಲಿ ನಡೆಸಿ ಕೊನೆಗೆ ಬಾಗಿಲು ಹಾಕಿದರು. ಮತ್ತೆ ತೆರೆದದ್ದು 1984ರಲ್ಲಿ.

ಇವೆಲ್ಲ ಮೆಚ್ಚತಕ್ಕ ಸಂಗತಿಗಳು. ಆದರೆ ನನ್ನ ಮನಸ್ಸಿನಲ್ಲಿ ಉಳಿದಿರುವುದು ಬೇರೊಂದು. ಆ ಹೋಟೆಲಿನ ಮೊದಲ ಹೆಸರು 'ಬ್ರಾಹ್ಮಿನ್ ಕಾಫಿ ಕ್ಲಬ್'. ಯಜ್ಞನಾರಾಯಣ ಮಯ್ಯರು 1951ರಲ್ಲಿ ಯೂರೋಪನ್ನು ಸುತ್ತಿ, ಅಲ್ಲಿಯ ಉಪಾಹಾರ ಗೃಹಗಳ ಶುಚಿತ್ವವನ್ನೂ ಶಿಸ್ತನ್ನೂ ಕಂಡು ಬಂದರು. 1960ರಲ್ಲಿ ಈಗಿನ ಕಟ್ಟಡಕ್ಕೆ ಬಂದಾಗ ಅದರ ಹೆಸರು ಮಾವಳ್ಳಿ ಟಿಫನ್ ರೂಮ್ಸ್ ಎಂದಾಗಿತ್ತು. ಜಾತಿಯ ಹೆಸರು ಹೋಗಿ ಬಡಾವಣೆಯ ಹೆಸರು ಬಂದಿತು. ಹಳೆಯ ಕಾಲದಲ್ಲಿ 'ಬ್ರಾಹ್ಮಣರ ಹೋಟೆಲು' ಎಂಬ ಫಲಕಕ್ಕೆ, ಅಡುಗೆ ಮಾಡುವವರು ಬ್ರಾಹ್ಮಣರು, ಆದುದರಿಂದ ಯಾರು ಬೇಕಾದರೂ ಸಂಕೋಚವಿಲ್ಲದೆ ತಿನ್ನಬಹುದು ಎಂಬ ಅರ್ಥವೂ ಇತ್ತೆಂದು ಬಲ್ಲವರು ಹೇಳುತ್ತಾರೆ. ಇದ್ದಿರಬಹುದು. ನಮ್ಮ ಅಜ್ಜ ಓದಿದ ಫಲಕದ ಅರ್ಥ ಬೇರೆಯಾಗಿತ್ತು. ಶಂಕರಪುರದಂಥ ಕಡೆ ಆ ಪದ ಈಗ ಹಳೆಯ ಗುರುತಾಗಿ ಉಳಿದಿದೆಯಷ್ಟೆ. ರಸ್ತೆಯ ಬದಿಯಲ್ಲಿ ನಿಂತು ಇಡ್ಲಿ ತಿನ್ನುವವರನ್ನು ಯಾರೂ ಏನನ್ನೂ ವಿಚಾರಿಸುವುದಿಲ್ಲ. ನಿಲ್ಲಲು ಜಾಗ ಸಿಕ್ಕಿದರೆ ಅದೇ ದೊಡ್ಡದು.

ಉಡುಪಿಯವರ ವಿಷಯ ಬಂದುದರಿಂದ ಒಂದು ಮಾತು. ಮಠ, ದೇವಾಲಯಗಳ ಅಡುಗೆಮನೆಯಲ್ಲಿ ಪಳಗಿದ ಕೈಗಳು ಬಡತನದ ದೆಸೆಯಿಂದ ಘಟ್ಟ ಹತ್ತಿ, ಕಡಲು ಬಳಸಿ, ಮದರಾಸು, ಮುಂಬಯಿಗಳಿಗೆ ಹೋದವು. ಕಡಂದಲೆಯ ಕೃಷ್ಣರಾಯರು ಮದರಾಸಿನಲ್ಲಿ ಪಾತ್ರೆ ತೊಳೆಯುವ, ಹಿಟ್ಟು ರುಬ್ಬುವ ಕೆಲಸದಿಂದ ಮೇಲೆ ಬಂದು 1938ರಲ್ಲಿ ವುಡ್‌ಲ್ಯಾಂಡ್ಸ್ ಹೋಟೆಲನ್ನು ತೆರೆದರು. ಮುಂಬಯಿಯ ಮಾಟುಂಗದಲ್ಲಿ, ರೈಲು ನಿಲ್ದಾಣದ ಎದುರಿಗೆ, ಎ. ರಾಮ ನಾಯಕರು 1942ರಲ್ಲಿ ಸ್ಥಾಪಿಸಿದ ಉಡುಪಿ ಶ್ರೀಕೃಷ್ಣ ಬೋರ್ಡಿಂಗ್ ಈಗಲೂ ನಡೆಯುತ್ತಿದೆ. ಬಂಧುಗಳ ಮದುವೆಗೆಂದು ಮುಂಬಯಿಗೆ ಹೋದಾಗ ಅಲ್ಲಿ ಬಾಳೆಲೆಯ ಊಟ ಮಾಡಿದೆ. ನನ್ನ ಬಲಕ್ಕೆ ಒಬ್ಬ ಗುಜರಾತಿ ವ್ಯಾಪಾರಿ, ಎಡಕ್ಕೆ ಸಮವಸ್ತ್ರದಲ್ಲಿದ್ದ ಒಬ್ಬ ರೈಲ್ವೆ ನೌಕರ. ಸಾರು ಬಡಿಸುತ್ತ ಬಂದವರು ನಮ್ಮ ಮೂವರಿಗೂ ಒಂದೇ ದನಿಯಲ್ಲಿ, "ಇನ್ನೂ ಸ್ವಲ್ಪ?" ಎಂದು ಕೇಳಿದರು.

ಇಂಥ ಹೋಟೆಲುಗಳಲ್ಲಿ ಬೆಂಚು ಒರೆಸಿದವರು ಬಹುಮಟ್ಟಿಗೆ ನಿಮ್ಮ ವಯಸ್ಸಿನ ಹುಡುಗರು. ನಿಮಗಿಂತ ಚಿಕ್ಕವರೂ ಇದ್ದರು. ಅವರನ್ನು 'ಮಾಣಿ' ಎಂದು ಕರೆಯುತ್ತಿದ್ದರು. ಮುಂಬಯಿಯ ಕನ್ನಡಿಗರು ಅವರಿಗಾಗಿ ರಾತ್ರಿ ಶಾಲೆಗಳನ್ನು ನಡೆಸಿದರು. ಹಗಲೆಲ್ಲ ಲೋಟ ತೊಳೆದು, ರಾತ್ರಿ ದೀಪದಡಿಯಲ್ಲಿ ಕುಳಿತು ಓದಿ, ಬ್ಯಾಂಕು ಕಚೇರಿಗಳಿಗೆ ಸೇರಿದವರು, ತಾವೇ ಹೋಟೆಲಿನ ಒಡೆಯರಾದವರು ಅನೇಕರು. ಆಗದೆ ಹೋದವರ ಲೆಕ್ಕವನ್ನು ಯಾರೂ ಇಟ್ಟಿಲ್ಲ. 1988ರಲ್ಲಿ ಬೆಂಗಳೂರಿನ ಬಸ್ ನಿಲ್ದಾಣದ ಬಳಿಯ ಒಂದು ಹೋಟೆಲಿನಲ್ಲಿ ನನ್ನ ಮೇಜನ್ನು ಒರೆಸಲು ಬಂದ ಹುಡುಗ ತಲೆಯೆತ್ತಿ ನೋಡಿ, "ಸಾರ್!" ಎಂದು ಬೆಚ್ಚಿದ. ಹಿಂದಿನ ವರ್ಷ ನನ್ನ ತರಗತಿಯಲ್ಲಿ ಮೂರನೆಯ ಸಾಲಿನಲ್ಲಿ ಕೂರುತ್ತಿದ್ದವನು. ಬರಗಾಲದಲ್ಲಿ ಮನೆಯವರು ಕಳುಹಿಸಿದ್ದರು. ನಾನು ಏನು ಹೇಳಬೇಕೆಂದು ತಿಳಿಯದೆ ಕುಳಿತಿದ್ದಾಗ ಅವನೇ, ಕಲಿತ ಪಾಠವನ್ನು ಒಪ್ಪಿಸುವಂತೆ, ಅಂದಿನ ತಿಂಡಿಗಳ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿದ. ಹದಿನಾಲ್ಕು ವರ್ಷ ತುಂಬದ ಮಕ್ಕಳನ್ನು ಹೋಟೆಲಿನ ಕೆಲಸಕ್ಕೆ ಇಟ್ಟುಕೊಳ್ಳಬಾರದೆಂಬ ನಿಷೇಧ ಜಾರಿಗೆ ಬಂದದ್ದು 2006ರ ಅಕ್ಟೋಬರ್ 10ರಂದು. ಆ ಹುಡುಗನಿಗೆ ಅದು ಬಹಳ ತಡವಾಗಿ ಬಂದಿತು. ಅಂದು ನಾನು ತಿಂದದ್ದೇನೆಂದು ನೆನಪಿಲ್ಲ.

ಬೆಂಗಳೂರಿನಲ್ಲಿ ನನಗೆ ಮೆಚ್ಚುಗೆಯಾದ ಇನ್ನೊಂದು ಸ್ಥಳ ಇಂಡಿಯಾ ಕಾಫಿ ಹೌಸು. ಕಾಫಿ ಮಂಡಳಿಯು ತನ್ನ ಕಾಫಿ ಮನೆಗಳನ್ನು ಮುಚ್ಚತೊಡಗಿದಾಗ, ಕೆಲಸ ಕಳೆದುಕೊಳ್ಳಲಿದ್ದ ನೌಕರರೇ 1957ರಲ್ಲಿ ಸಹಕಾರ ಸಂಘ ಕಟ್ಟಿಕೊಂಡು ಅವುಗಳನ್ನು ನಡೆಸಿದರು. ಬಡಿಸುವವನೇ ಅಲ್ಲಿ ಒಡೆಯ. ಬೆಳ್ಳನೆಯ ಉಡುಪು, ತಲೆಗೆ ಗರಿಯ ರುಮಾಲು. ನೋಡಿದರೆ ಹಳೆಯ ಅರಮನೆಯ ದರ್ಬಾರಿನವರಂತೆ ಕಾಣುತ್ತಿದ್ದರು. ಮಹಾತ್ಮಾಗಾಂಧಿ ರಸ್ತೆಯಲ್ಲಿದ್ದ ಅದು 2009ರಲ್ಲಿ ಚರ್ಚ್ ಸ್ಟ್ರೀಟಿಗೆ ಹೋಯಿತು. 1983ರಲ್ಲಿ ಜಯನಗರದಲ್ಲಿ ಆರಂಭವಾದ ಕೆಫೆ ದರ್ಶಿನಿಯಿಂದ ಮೊದಲಾಗಿ, ನಿಂತು ತಿನ್ನುವ 'ದರ್ಶಿನಿ'ಗಳು ಬೀದಿಬೀದಿಗೂ ಹಬ್ಬಿದವು. ಕೂರಲು ಬೆಂಚೇ ಇಲ್ಲದ ಮೇಲೆ ಒಳಗಿನ ಬೆಂಚು, ಹೊರಗಿನ ಬೆಂಚು ಎಂಬ ಮಾತೂ ಇಲ್ಲ. ನನ್ನಂಥ ಮಂಡಿನೋವಿನವರಿಗೆ ಅದು ಅನುಕೂಲವಲ್ಲವಾದರೂ ಅಜ್ಜನಿಗೆ ಮೆಚ್ಚುಗೆಯಾಗುತ್ತಿತ್ತೆಂದು ತೋರುತ್ತದೆ.

ನನ್ನ ಗೆಳೆಯ ಅಂಚೆ ಇಲಾಖೆಗೆ ಸೇರಿ, ಬೇರೆಬೇರೆ ಊರುಗಳಲ್ಲಿ ಕೆಲಸ ಮಾಡಿ, ಬೆಂಗಳೂರಿನಲ್ಲಿ ನಿವೃತ್ತನಾದ. ಕಾಗದಗಳು ಬರುತ್ತಿದ್ದವು, ಬಹುಮಾನದ ಆ ಪೆನ್ನಿನಿಂದಲೇ ಬರೆದಂತೆ ಅಕ್ಷರ ದುಂಡಗಿರುತ್ತಿದ್ದವು. ನಾನೂ 2019ರಲ್ಲಿ ನಿವೃತ್ತನಾದೆ. ಆ ವರ್ಷ ಒಂದು ದಿನ ಅವನು ಗಾಂಧಿಬಜಾರಿಗೆ ಬಾ ಎಂದು ಬರೆದ. ವಿದ್ಯಾರ್ಥಿ ಭವನದ ಮುಂದೆ ಭೇಟಿ. 1943ರಲ್ಲಿ ಸುತ್ತಲಿನ ಶಾಲೆಗಳ ವಿದ್ಯಾರ್ಥಿಗಳಿಗೆಂದು ಆರಂಭವಾದ ಹೋಟೆಲು ಅದು. ಹೆಸರು ಬಂದದ್ದೂ ಅದರಿಂದಲೇ. ಶುಕ್ರವಾರ ರಜೆಯೆಂಬುದನ್ನು ಮರೆತು ನಾನು ಗುರುವಾರ ಹೊರಡುವ ಬದಲು ಶುಕ್ರವಾರ ಬರುತ್ತೇನೆಂದು ಬರೆದಿದ್ದೆ. "ಮೇಷ್ಟ್ರೇ, ಶನಿವಾರ ಬನ್ನಿ" ಎಂದು ಅವನು ತಿದ್ದಿದ.

ಶನಿವಾರ ಬೆಳಿಗ್ಗೆ ಬೀದಿಯಲ್ಲೇ ಸಾಲು. ಹೆಸರು ಬರೆಸಿ ಅರ್ಧ ಗಂಟೆ ಕಾದೆವು. ಹೆಸರನ್ನು ಕೇಳಿದರು, ತಂದೆಯ ಹೆಸರನ್ನು ಯಾರೂ ಕೇಳಲಿಲ್ಲ. ಒಳಗೆ ಗೋಡೆಯ ಮೇಲೆ ಕನ್ನಡದ ಹಿರಿಯ ಸಾಹಿತಿಗಳ ರೇಖಾಚಿತ್ರಗಳು. ಆಯುಷ್ಯವೆಲ್ಲ ನಾನು ಪಾಠ ಹೇಳಿದವರ ಮುಖಗಳು. ಅವರ ಎದುರಿಗೆ ಬಾಯಿ ತುಂಬ ದೋಸೆ ಇಟ್ಟುಕೊಳ್ಳುವುದಕ್ಕೆ ಸ್ವಲ್ಪ ಸಂಕೋಚವಾಯಿತು. ಬಡಿಸುವವರೊಬ್ಬರು ಒಂದೇ ತೋಳಿನ ಮೇಲೆ ಹತ್ತಾರು ದೋಸೆಯ ತಟ್ಟೆಗಳನ್ನು ಒಂದರ ಮೇಲೊಂದು ಏರಿಸಿಕೊಂಡು ಬಂದು, ಇಸ್ಪೀಟೆಲೆ ಹಂಚುವಂತೆ ಹಂಚುತ್ತ ಹೋದರು. ದಪ್ಪ ದೋಸೆ, ಹೊರಗೆ ಕೆಂಪು, ಒಳಗೆ ಮೆದು. ನಾವು ಮೊದಲ ತುತ್ತು ಮುರಿದೆವು. ನಲವತ್ತಾರು ವರ್ಷ ಗಂಟಲಲ್ಲಿದ್ದ ಮಾತನ್ನು ಆಡಲು ಅದಕ್ಕಿಂತ ಒಳ್ಳೆಯ ಸಮಯ ಬರುವಂತಿರಲಿಲ್ಲ.

"ಆವತ್ತು ದಾರಿಯಲ್ಲಿ ಬಸ್ಸು ಕೆಟ್ಟು ನಿಂತಿತ್ತಲ್ಲ, ನೆನಪಿದೆಯೇನೋ?" ಎಂದೆ. "ಆ ದೋಸೆ ಬಹಳ ಚೆನ್ನಾಗಿತ್ತು ಕಣೋ. ನಿನಗೆ ಸುಳ್ಳು ಹೇಳಿದ್ದೆ."

ಅವನು ಚಟ್ನಿಯಲ್ಲಿ ಅದ್ದಿದ ತುತ್ತನ್ನು ಬಾಯಿಗಿಟ್ಟು, ನಿಧಾನವಾಗಿ ನುಂಗಿ, ನನ್ನ ಕಡೆ ನೋಡಿದ.

"ನನಗೆ 'ಗೊತ್ತಿಲ್ಲ' ಅಂದ್ಕೊಂಡಿದ್ಯಾ? ಬೆಣ್ಣೆ ವಾಸನೆ ಕಿಟಕಿ ಹತ್ರ ಘಮಘಮ ಅಂತ ಬರ್ತಾ ಇತ್ತಲ್ಲೋ" ಎಂದ.

ಅಷ್ಟರಲ್ಲಿ ಬಡಿಸುವವರು ಬಂದು ನಿಂತರು. "ಇನ್ನೇನು ಕೊಡಲಿ ಸಾರ್?"

"ಬೈ-ಟೂ ಕಾಫಿ" ಎಂದು ಅವನೇ ಹೇಳಿದ. ಒಂದು ಕಾಫಿ ಎರಡು ಲೋಟಗಳಲ್ಲಿ ಬಂದಿತು.